ಕರಿ ಕೋಟು ತೆಗೆದಿಟ್ಟ ಮೇಷ್ಟ್ರು

ಇವತ್ತು ಯಾರ ರಾಜೀನಾಮೆಯನ್ನೂ ಕೇಳಲ್ಲ, ಗಾಬರಿ ಬೇಡ. ಒಬ್ಬ ಹುಡುಗ ಕೇಳಿದ ಪ್ರಶ್ನೆ ಇದೆ, ಅಷ್ಟೇ.

ತೊಗರಿ ಬೆಳೆಯ ಸುದ್ದಿಗೆ ಅಂತ ಆಳಂದ ತಾಲ್ಲೂಕಿನ ಮಟಕಿಗೆ ಹೋಗಿದ್ದೆ. ಕ್ಯಾಮೆರಾ ಒಳಗಿಟ್ಟು ಚಹಾ ಕುಡೀತಾ ಇರುವಾಗ ಹುಡುಗನೊಬ್ಬ ಬಂದ. ಕಾನೂನು ಓದ್ತಾ ಇದ್ದಾನೆ. ಮನೆಯಲ್ಲಿ ಅಜ್ಜನ ಕಾಲದ ಜಮೀನು ವ್ಯಾಜ್ಯ, ಇನ್ನೂ ಮುಗಿದಿಲ್ಲ. 'ಸರ, ನಮಗ ಪಾಠ ಹೇಳೋರು ಕೋರ್ಟಿನ್ಯಾಗ ಒಮ್ಮಿನೂ ವಾದ ಮಾಡಿಲ್ಲಂತ. ದಾವಾ ಬರಿಯೋದು ಯಾರ ಕಡೆ ಕಲೀಬೇಕ್ರಿ?' ಅಂದ.

ಮೇಷ್ಟ್ರು ಸೋಮಾರಿ ಇರಬೇಕು ಅಂದುಕೊಂಡೆ. ನನ್ನದೇ ತಪ್ಪು. ಮೇಷ್ಟ್ರು ಕೋರ್ಟಿಗೆ ಹೋಗಲ್ಲ ಅಂತಲ್ಲ ಸ್ವಾಮಿ, ಹೋಗೋ ಹಾಗೇ ಇಲ್ಲ!

1961ರ ವಕೀಲರ ಕಾಯ್ದೆಯಡಿ ಭಾರತೀಯ ವಕೀಲರ ಪರಿಷತ್ತು ಮಾಡಿದ ನಿಯಮಗಳಲ್ಲಿ 49ನೆಯದು ಅಂತ ಒಂದಿದೆ. ಪೂರ್ಣಾವಧಿ ಸಂಬಳದ ಕೆಲಸದಲ್ಲಿ ಇರುವವರೆಗೆ ವಕೀಲಿ ಮಾಡುವಂತಿಲ್ಲ. ಕಾಯಂ ಅಧ್ಯಾಪಕನಾದ ದಿನ ಕರಿ ಕೋಟು ಗೂಟಕ್ಕೆ. ನಿಯಮಕ್ಕೆ ಕಾರಣವೂ ಇದೆ. ಸಂಬಳ ಕೊಡುವ ಧಣಿ ಒಬ್ಬ, ಫೀಸು ಕೊಡುವ ಕಕ್ಷಿದಾರ ಇನ್ನೊಬ್ಬ. ಹನ್ನೊಂದಕ್ಕೆ ಕ್ಲಾಸು, ಹನ್ನೊಂದಕ್ಕೇ ಕೇಸು ಕರೆದರೆ ಯಾರನ್ನು ಬಿಡೋದು?

ಸರಿ, ಅಧ್ಯಾಪಕನಾಗಲು ಏನು ಬೇಕು? ಎಲ್‌ಎಲ್‌ಎಂನಲ್ಲಿ ಶೇ. 55 ಅಂಕ, ಮೀಸಲಾತಿ ವರ್ಗಕ್ಕೆ ಶೇ. 5ರ ರಿಯಾಯಿತಿ. ಆಮೇಲೆ ನೆಟ್ ಅಥವಾ ಕೆ-ಸೆಟ್. ನೆಟ್‌ನಲ್ಲಿ 150 ಪ್ರಶ್ನೆ, 300 ಅಂಕ, ನಾಲ್ಕು ಉತ್ತರದಲ್ಲಿ ಒಂದನ್ನು ಗುರುತು ಮಾಡೋದು. ಪಿಎಚ್‌ಡಿ ಕಡ್ಡಾಯ ಅಂತ ಹೇಳಿ, ಮುಂದೂಡಿ, ಕೊನೆಗೆ 2023ರ ಜುಲೈನಿಂದ ಐಚ್ಛಿಕ ಅಂದರು. ಇಷ್ಟೆಲ್ಲದರಲ್ಲಿ 'ನೀನು ಒಂದಾದರೂ ಜಾಮೀನು ಅರ್ಜಿ ಹಾಕಿದ್ದೀಯಾ?' ಅನ್ನೋ ಪ್ರಶ್ನೆ ಎಲ್ಲೂ ಇಲ್ಲ.

ಪಕ್ಕದ ಮೆಡಿಕಲ್ ಕಾಲೇಜು ನೋಡಿ. ಸರ್ಜರಿ ಪ್ರೊಫೆಸರ್ರು ಬೆಳಿಗ್ಗೆ ಹೊಟ್ಟೆ ಕೊಯ್ದು ಮಧ್ಯಾಹ್ನ ಪಾಠ ಮಾಡ್ತಾರೆ. ಚಾಕು ಹಿಡಿಯದೇ ಇರೋನು ಸರ್ಜರಿ ಕಲಿಸ್ತೀನಿ ಅಂದರೆ ನಾವು ಒಪ್ತೀವಾ?

ಹಾಗಾದರೆ ವಕೀಲರೇ ಬಂದು ಕಲಿಸಲಿ ಅಂತೀರಿ. ಬರಬಹುದು. 1979ರ ನಿಯಮ ಇದೆ: ವಕೀಲಿ ಬಿಡದೆ ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಪಾಠ ಹೇಳಬಹುದು. ಆದರೆ 2008ರ ಕಾನೂನು ಶಿಕ್ಷಣ ನಿಯಮ ಏನು ಹೇಳುತ್ತೆ? ತರಗತಿ ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೇ ನಡೀಬೇಕು. ಸಂಜೆ ಕೋರ್ಟು ಬಿಟ್ಟು, ಆಫೀಸಿನಲ್ಲಿ ಕಾದಿರುವ ಕಕ್ಷಿದಾರರನ್ನೂ ಬಿಟ್ಟು ಓಡಿಬಂದರೂ ಅವನಿಗೆ ಸಿಗೋದು ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ. ಅದಕ್ಕೆ ಗೌರವಧನ ಬೇರೆ, ಅದರಲ್ಲಿ ಗೌರವ ಜಾಸ್ತಿ, ಧನ ಕಮ್ಮಿ.

ಇನ್ನೊಂದು ತಮಾಷೆ. ದಾವಾ ಬರೆಯೋದು, ಕರಾರು ಬರೆಯೋದು ಕಡ್ಡಾಯ ವಿಷಯ. ಅದನ್ನು ವಕೀಲರ, ನಿವೃತ್ತ ನ್ಯಾಯಾಧೀಶರ ನೆರವಿನಿಂದ ಕಲಿಸಬೇಕು ಅಂತ ಅದೇ 2008ರ ನಿಯಮ ಹೇಳುತ್ತೆ, ಜೊತೆಗೆ 'ಸಾಧ್ಯವಾದಷ್ಟು' ಅನ್ನೋ ಅರ್ಥದ ಒಂದು ಪದ ಸೇರಿಸಿದೆ. ನಮ್ಮ ದೇಶದಲ್ಲಿ ಆ ಪದ ಬಿದ್ದ ಕಡೆ ಏನು ಸಾಧ್ಯವಾಗಿದೆ ಹೇಳಿ!

ಕಲಬುರಗಿಗೆ ಹೈಕೋರ್ಟಿನ ಸಂಚಾರಿ ಪೀಠ ಬಂದಿದ್ದು 2008ರಲ್ಲಿ, ಕಾಯಂ ಆಗಿದ್ದು 2013ರಲ್ಲಿ. ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಬೇಕಿದ್ದ ರೈತನಿಗೆ ಅದು ದೊಡ್ಡ ಉಪಕಾರ. ಅಲ್ಲಿ ದಿನಾ ವಾದ ಮಾಡುವ ವಕೀಲರಿದ್ದಾರೆ. ಅದೇ ಊರಲ್ಲಿ ಕಾನೂನು ಕಲಿಯುವ ಮಕ್ಕಳೂ ಇದ್ದಾರೆ. ನಡುವೆ ಇರೋದು ಆಟೋದಲ್ಲಿ ಹೋಗುವಷ್ಟು ದೂರ, ಮೂರು ನಿಯಮ.

ನನ್ನ ಕೇಳಿದರೆ, ಕಾಲೇಜಿನ ಕಾನೂನು ನೆರವು ಕೇಂದ್ರಕ್ಕೆ ಬರುವ ಬಡವರ ಕೇಸುಗಳಲ್ಲಿ ಮಾತ್ರ, ಫೀಸಿಲ್ಲದೆ, ಅಧ್ಯಾಪಕರಿಗೆ ವಕಾಲತ್ತು ಹಾಕಲು ಬಿಡಿ. ಹುಡುಗರು ಪಕ್ಕದಲ್ಲಿ ಫೈಲು ಹಿಡಿದು ನಿಲ್ಲಲಿ. ಮೆಡಿಕಲ್ ಕಾಲೇಜಿನಲ್ಲಿ ವಾರ್ಡು ಇದ್ದ ಹಾಗೆ. ವಕೀಲರ ಸಂಘಗಳು ಹೊಟ್ಟೆಪಾಡಿನ ಮಾತೆತ್ತಬಹುದು. ಫೀಸೇ ಇಲ್ಲದ ಕೇಸಿಗೆ ಪೈಪೋಟಿ ಎಲ್ಲಿ ಬಂತು ಅಂತ ಅವರನ್ನು ಕೇಳ್ತೀನಿ.

ಆ ಹುಡುಗ ಮೊನ್ನೆ ಫೋನು ಮಾಡಿದ್ದ. ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆ ಕೂತು ನೋಡಿ ಡೈರಿ ಬರೆಯಬೇಕು, ಅದಕ್ಕೆ 30 ಅಂಕ. ಸಿವಿಲ್‌ಗೆ ಯಾವ ಕೇಸು ಆರಿಸಿಕೊಂಡೆ ಅಂತ ಕೇಳಿದೆ.

'ನಮ್ಮ ಅಜ್ಜಂದೇ ರೀ' ಅಂದ.