ಸೀತಾಳೆದಂಡೆ

ವೈಶಾಖ ಮಾಸದಲ್ಲಿ, ಮುಂಗಾರು ಹಿಡಿಯುವುದಕ್ಕೆ ಮುನ್ನ, ಮಲೆನಾಡಿನ ಹಾದಿಯಲ್ಲಿ ಸಾಗುವ ಶ್ರೋತೃಗಳು ಒಮ್ಮೆ ತಲೆಯೆತ್ತಿ ನೋಡಬೇಕೆಂದು ನಮ್ಮ ಬಿನ್ನಹ. ಹಲಸು, ಮಾವು, ಮತ್ತಿ ಮೊದಲಾದ ಹಳೆಯ ಮರಗಳ ಕೊಂಬೆಗಳಿಂದ ಗೇಣುದ್ದವನ್ನೂ ಮೀರಿದ ಹೂಗೊಂಚಲುಗಳು ಜೋಲಾಡುತ್ತಿರುತ್ತವೆ. ಬಿಳಿಯ ಎಸಳು, ಅದರ ಮೇಲೆ ನಸುನೇರಿಳೆಯ ಚುಕ್ಕೆ. ಒಂದು ಗೊಂಚಲಿನಲ್ಲಿ ನೂರಕ್ಕೂ ಮಿಕ್ಕ ಹೂಗಳಿರುವುದುಂಟು. ಮುಡಿಯಲೆಂದೇ ಕಟ್ಟಿದ ದಂಡೆಯಂತಿರುವ ಈ ಹೂವಿಗೆ ನಮ್ಮ ಜನರು ಸೀತಾಳೆದಂಡೆ ಎನ್ನುತ್ತಾರೆ. ಇದು ಆರ್ಕಿಡ್ ಎಂಬ ದೊಡ್ಡ ಸಸ್ಯವಂಶಕ್ಕೆ ಸೇರಿದುದು. ದೂರದ ಅಸ್ಸಾಮಿನಲ್ಲಿಯೂ ಇದೇ ಹೂವು ಏಪ್ರಿಲ್ ತಿಂಗಳಿನ ಬಿಹು ಹಬ್ಬದಲ್ಲಿ ನರ್ತಿಸುವ ಹೆಂಗಳೆಯರ ಮುಡಿಯನ್ನೇರುತ್ತದೆ. ಅಲ್ಲಿನ ರಾಜ್ಯಪುಷ್ಪವೂ ಇದೇ.

ಇಷ್ಟು ಚೆಲುವಿನ ಹೂವಿಗೆ ನಮ್ಮಲ್ಲಿ ಒಂದು ಅಪವಾದವು ಅಂಟಿಕೊಂಡಿದೆ. ಮರದ ಮೇಲೆ ಬೆಳೆಯುವುದೆಲ್ಲ ಬಂದಳಿಕೆ, ಮರದ ರಸವನ್ನು ಕದಿಯುವ ಗಿಡ ಎಂದು ಬಗೆದು ಇದನ್ನು ಕಿತ್ತೆಸೆಯುವವರಿದ್ದಾರೆ. ಇದು ಅನ್ಯಾಯ. ಬಂದಳಿಕೆಯು ಮರದ ಒಡಲೊಳಕ್ಕೆ ಬೇರಿಳಿಸುತ್ತದೆ; ಸೀತಾಳೆಯ ಬೇರಾದರೋ ತೊಗಟೆಯನ್ನು ಅಪ್ಪಿ ಹಿಡಿಯುವುದೇ ಹೊರತು ಒಳಹೊಗುವುದಿಲ್ಲ. ಆ ಬೇರಿಗೆ ಸ್ಪಂಜಿನಂತಹ ಒಂದು ಹೊದಿಕೆಯುಂಟು. ಒಣಗಿದಾಗ ಅದು ಬೆಳ್ಳಿಯ ಬಣ್ಣ; ಮಳೆಹನಿ ಬಿದ್ದೊಡನೆ ನೀರನ್ನು ಹೀರಿ ಹಸುರಾಗುತ್ತದೆ. ಆಹಾರವನ್ನು ಎಲೆಗಳು ಬಿಸಿಲಿನ ಬಲದಿಂದ ತಾವೇ ಸಿದ್ಧಪಡಿಸುತ್ತವೆ. 1753ರಲ್ಲಿ ಲಿನ್ನೇಯಸ್ ಪಂಡಿತನು ಇದನ್ನು ‘ಮರದ ಮೇಲಿನದು’ ಎಂಬರ್ಥದ ಹೆಸರುಳ್ಳ ಕುಲದಲ್ಲಿ ಸೇರಿಸಿದನು. ಆ ಹೆಸರು ಇದರ ವಾಸವನ್ನು ಸೂಚಿಸುತ್ತದೆ, ಕಳವನ್ನಲ್ಲ. ಮರಕ್ಕೆ ಇದು ಅತಿಥಿ; ಉಣ್ಣುವುದು ಮಾತ್ರ ಸ್ವಂತ ಬುತ್ತಿಯನ್ನು.

ಆದರೆ ಈ ಅತಿಥಿಗೆ ಎಲ್ಲ ಮನೆಯೂ ಒಗ್ಗದು. ಇದರ ಬೀಜವು ಧೂಳಿನಷ್ಟು ಸೂಕ್ಷ್ಮ. ಮೊಳಕೆಯನ್ನು ಪೋಷಿಸುವ ಆಹಾರಸಂಗ್ರಹವು ಅದರಲ್ಲಿಲ್ಲ. ಗಾಳಿಯಲ್ಲಿ ತೇಲಿ, ತಕ್ಕ ಶಿಲೀಂಧ್ರವಿರುವ ತೊಗಟೆಯ ಮೇಲೆ ನಿಂತರೆ ಮಾತ್ರ ಆ ಶಿಲೀಂಧ್ರದ ನೆರವಿನಿಂದ ಮೊಳೆಯುತ್ತದೆ. ಅದು ಬೆಳೆದು ಹೂ ಬಿಡಲು ಹಲವು ವರ್ಷಗಳೇ ಬೇಕು. ಒರಟು ತೊಗಟೆ, ಚದರಿದ ಬಿಸಿಲು, ತೇವದ ಗಾಳಿ ಇವೆಲ್ಲ ಒಂದೆಡೆ ಕೂಡುವುದು ಹಳೆಯ ಮರದಲ್ಲಿ. ಒಂದು ಹೆಮ್ಮರವನ್ನು ಉರುಳಿಸಿ ಹತ್ತು ಸಸಿಗಳನ್ನು ನೆಟ್ಟ ಮಾತ್ರಕ್ಕೆ ಸೀತಾಳೆಗೆ ಮನೆ ದೊರೆತಂತಾಗಲಿಲ್ಲ.

ಆರ್ಕಿಡ್ಡುಗಳ ವಿದೇಶವ್ಯಾಪಾರವನ್ನು 1975ರಿಂದ ಅಂತರರಾಷ್ಟ್ರೀಯ ಒಪ್ಪಂದವೊಂದು ನಿಯಂತ್ರಿಸುತ್ತಿದೆ. ಆದರೆ ಪ್ರವಾಸಕ್ಕೆ ಹೋದ ನಾವೇ ಗಿಡವನ್ನು ಕಿತ್ತು ತಂದರೆ ಒಪ್ಪಂದವು ಏನು ಮಾಡೀತು? ಮಣ್ಣು ತುಂಬಿದ ಕುಂಡದಲ್ಲಿ ನೆಟ್ಟರೆ ಗಾಳಿಯಾಡದೆ ಇದರ ಬೇರು ಕೊಳೆತುಹೋಗುತ್ತದೆ. ಮರದ ಮೇಲಿನದನ್ನು ಮರದ ಮೇಲೆಯೇ ನೋಡಿ ನಲಿಯೋಣ. ಗಾಳಿಗೆ ಮುರಿದು ಬಿದ್ದ ಕೊಂಬೆಯಲ್ಲಿ ಇದನ್ನು ಕಂಡರೆ, ತೆಂಗಿನ ನಾರಿನಿಂದ ಹತ್ತಿರದ ಮರಕ್ಕೆ ಕಟ್ಟಿ ಬರೋಣ. ಬೇರು ತೊಗಟೆಯನ್ನು ಹಿಡಿಯಿತೆಂದರೆ, ಮುಂದೊಂದು ವೈಶಾಖದಲ್ಲಿ ಅದು ಮತ್ತೆ ಹೂ ಬಿಟ್ಟೀತು.