ಶಾಲು ಸಾಲದು, ಕೂಲಿ ಕೊಡೋಣ

(ಕೊಳ್ಳೇಗಾಲದ ಸಭೆಯಲ್ಲಿ ಮಾಡಿದ ಭಾಷಣ)



ಮೊನ್ನೆ ಟಿ.ವಿ.ಯಲ್ಲಿ ಅಮೆರಿಕದ ಹಾಡುಗಾರ ಬಾಬ್ ಡಿಲನ್ನನನ್ನು ಕುರಿತ ಚಿತ್ರ ನೋಡಿದೆ. ಮಾರ್ಟಿನ್ ಸ್ಕಾರ್ಸೆಸಿ 2005ರಲ್ಲಿ ತೆಗೆದದ್ದು. ಸುಮಾರು ಮೂರೂವರೆ ಗಂಟೆ. ಜನಪದ ಧಾಟಿಯಲ್ಲಿ ಹೆಸರಾದವನು 1965ರಲ್ಲಿ ವಿದ್ಯುತ್ ಗಿಟಾರು ಹಿಡಿದಾಗ ಅಭಿಮಾನಿಗಳಲ್ಲೇ ಕೆಲವರು ಛೀಮಾರಿ ಹಾಕಿದರು. ಅವನು ಹಾಡುವುದನ್ನು ಬಿಡಲಿಲ್ಲ. 2016ರಲ್ಲಿ ನೊಬೆಲ್ ಬಂತು.

ನನಗೆ ನಮ್ಮ ನೀಲಗಾರರು ನೆನಪಾದರು. ಹನೂರು ತಾಲ್ಲೂಕಿನ ಚಿಕ್ಕಲ್ಲೂರು ಜಾತ್ರೆಯಲ್ಲಿ ತಂಬೂರಿ ಮೀಟುತ್ತ, ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಬೇಡಿದ ಕಥೆಯನ್ನು ಹಾಡುವವರು ಅವರು. ಮಂಟೇಸ್ವಾಮಿ ಕಾವ್ಯ ಒಂದು ರಾತ್ರಿಗೆ ಮುಗಿಯುವುದಲ್ಲ. ನಾವೋ ಸಭೆಗೆ ಕರೆದು, ಐದು ನಿಮಿಷ ಹಾಡಿಸಿ, ಶಾಲು ಹೊದಿಸಿ ಕಳಿಸುತ್ತೇವೆ. ಮಗ್ಗದವನಿಗೆ ಶಾಲು ಹೊದಿಸಿ ಕೂಲಿ ಹಿಡಿದರೆ ಒಪ್ಪುತ್ತೇವೆಯೆ? ವರ್ತಕ ಮಿತ್ರರು ಚಂದಾ ಕೊಡಲಿ, ಕಾರ್ಮಿಕರು ಚಪ್ಪರ ಹಾಕಲಿ. ಈ ಸಲ ರಾತ್ರಿಯಿಡೀ ಹಾಡಿಸೋಣ. ರಾತ್ರಿಯಿಡೀ ಕೂಲಿ ಕೊಡೋಣ.