ಮರದ ದನಿ, ತಂತಿಯ ದನಿ

ನಮ್ಮ ಸುರೇಬಾನದ ಭಜನೆಯಲ್ಲಿ ಏಕತಾರಿ ಕೇಳಿದವರಿಗೆ ಬುರುಡೆಯೇ ಅದರ ಕಂಠವೆಂಬುದು ಗೊತ್ತು. ಮೀರಜಿನ ತಂಬೂರಿಯಲ್ಲಿಯೂ ತಂತಿಯ ನಡುಕ ಕುದುರೆಯಿಂದ ಹಲಗೆಗೂ ಬುರುಡೆಗೂ ಇಳಿದೇ ನಾದವಾಗುತ್ತದೆ. ಬುರುಡೆ ಬಿರಿದರೆ ನಾದವೂ ಒಡೆಯುತ್ತದೆ.

ವಿದ್ಯುತ್ ಗಿಟಾರಿನ ಸಂಗತಿ ಬೇರೆ. ಉಕ್ಕಿನ ತಂತಿಯ ಚಲನೆಯನ್ನು ತಾಮ್ರದ ಸುರುಳಿ ಸುತ್ತಿದ ಅಯಸ್ಕಾಂತವು ವಿದ್ಯುತ್ತಾಗಿಸುತ್ತದೆ. ಗಾಳಿಯಲ್ಲಿನ ಸದ್ದು ಅದಕ್ಕೆ ಬೇಕಿಲ್ಲ. ಮರ ಕಂಪನವನ್ನು ತುಸು ಹೀರಬಹುದು, ನಿಜ. ಆದರೆ ಆ ಅಯಸ್ಕಾಂತವನ್ನು ಎರಡು ಬೆರಳು ಅತ್ತಿತ್ತ ಸರಿಸಿದರೆ ಆಗುವ ವ್ಯತ್ಯಾಸವೇ ದೊಡ್ಡದು.

ಹೀಗಿದ್ದೂ ಗಿಟಾರಿನ ಬೆರಳುಪಟ್ಟಿಗೆ ನಮ್ಮ ಬೀಟೆಯೇ ಬೇಕೆನ್ನುವವರುಂಟು. 2017ರಿಂದ ಬೀಟೆಯ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಬೇಕಾಯಿತು; 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಬೆರಳಿನ ನುಣುಪಿಗೆಂದರೆ ಒಪ್ಪೋಣ. ನಾದಕ್ಕೆಂದು ಕಾಡಿನ ಬೀಟೆ ಬೇಡುವವರು ಮೊದಲು ಮಾವಿನ ಹಲಗೆಯೊಂದನ್ನು ಕಣ್ಣು ಮುಚ್ಚಿ ಕೇಳಿ ನೋಡಲಿ.